ಮೇಗರವಳ್ಳಿಯಲ್ಲಿ ಮಳೆ ಕಡಿಮೆಯಾದ ವರ್ಷ

ಕಳೆದ ತಿಂಗಳು ಸಾಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ, ಇಕ್ಕೇರಿಯ ದೇವಸ್ಥಾನ ನೋಡಿಕೊಂಡು ಬರುವಾಗ ದಾರಿಯ ಒಂದು ಹೊಸ ಹೋಟೆಲಿಗೆ ಕಾಫಿಗೆಂದು ನುಗ್ಗಿದೆವು. ಅಲ್ಲಿ ಗೋಡೆಗೆ ಒಂದು ಗೊರಬು ತಗುಲಿಹಾಕಿ, ಅದರ ಹೊಟ್ಟೆಯೊಳಗೆ ಬಣ್ಣದ ಬಲ್ಬು ಇಟ್ಟಿದ್ದರು. ಗೊರಬು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬಿದಿರಿನ ಸೀಳುಗಳ ಹಂದರಕ್ಕೆ ಒಣಗಿದ ಎಲೆ ಹೊದಿಸಿ, ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವ ಹಾಗೆ ಕಟ್ಟಿದ ಹೊದಿಕೆ ಅದು. ಗದ್ದೆಯಲ್ಲಿ ಬಗ್ಗಿ ಸಸಿ ನೆಟ್ಟಿ ಮಾಡುವ ಹೆಂಗಸರ ಮಳೆಗಾಲವೆಲ್ಲ ಅದರ ಕೆಳಗೇ ಕಳೆಯುತ್ತಿತ್ತು. ನಾನು ಎದ್ದು ಹೋಗಿ ಮೂಗು ಹಚ್ಚಿ ಮೂಸಿದೆ. ಒಲೆಯ ಹೊಗೆ, ಹಳೆಯ ಎಲೆ, ಸ್ವಲ್ಪ ಮುಗ್ಗಲು ವಾಸನೆ. ಎಲ್ಲ ಹಾಗೇ ಇತ್ತು. ಸರ್ವರ್ ಕಣ್ಣು ಬಿಟ್ಟುಕೊಂಡು ನೋಡಿದ. ಮೊಮ್ಮಗಳು, "ಅಜ್ಜ, ಎಲ್ಲರೂ ನೋಡ್ತಿದ್ದಾರೆ, ಬನ್ನಿ" ಎಂದು ಕೈ ಹಿಡಿದು ಎಳೆದಳು. ಇದೇ ತರಹದ ಒಂದು ಗೊರಬು ನನ್ನ ಎಂ.ಇ. ಓದನ್ನು ಮುಚ್ಚಿಹಾಕುವುದರಲ್ಲಿತ್ತು ಎಂದು ಹೇಳಿದರೆ ಅವಳು ನಂಬುತ್ತಿದ್ದಳೋ ಇಲ್ಲವೋ. ಕಾಫಿ ಆರಿಹೋಗುವವರೆಗೂ ನಾನು ಅದನ್ನೇ ನೋಡುತ್ತ ಕುಳಿತಿದ್ದೆ.

ಅರವತ್ತರ ದಶಕದ ನಡುವಿನ ಮಾತು. ನಾನು ಬಿ.ಇ. ಮುಗಿಸಿ ಜೂನಿಯರ್ ಎಂಜಿನಿಯರ್ ಆಗಿ ಹೊಸನಗರಕ್ಕೆ ಬಂದಿದ್ದೆ. ಕೆಲಸ ಏನೆಂದು ಕೇಳಿದವರು ನಗುತ್ತಿದ್ದರು: ಮಳೆ ಅಳೆಯುವುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಮಳೆಮಾಪಕ ಇಟ್ಟಿದ್ದರು. ಊರವರು ಅದಕ್ಕೆ ಮಳೆ ಡಬ್ಬಿ ಎನ್ನುತ್ತಿದ್ದರು. ಡಬ್ಬಿಯ ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಯಾರದೋ ಮನೆಯ ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ನೆಟ್ಟ ಆ ಡಬ್ಬಿಯ ನೀರನ್ನು ಪ್ರತಿ ಬೆಳಿಗ್ಗೆ ಗ್ಲಾಸಿನಲ್ಲಿ ಅಳೆದು, ವಾರಕ್ಕೊಮ್ಮೆ ಪೋಸ್ಟ್‌ಕಾರ್ಡು ಹಾಕಲು ಆ ಮನೆಯವರನ್ನೇ ನೇಮಿಸುತ್ತಿದ್ದರು. ಕಾರ್ಡುಗಳನ್ನು ಸೇರಿಸಿ ಮೇಲಿನವರಿಗೆ ಕಳಿಸುವುದು, ಆಗಾಗ ಹೋಗಿ ಡಬ್ಬಿ ನೆಟ್ಟಗಿದೆಯೇ ಎಂದು ನೋಡುವುದು ನನ್ನ ಕೆಲಸ. ಸಾಗರದಲ್ಲಿದ್ದ ನನ್ನ ಮೇಲಧಿಕಾರಿ ನಂಜುಂಡಯ್ಯನವರು ಬಯಲುಸೀಮೆಯವರು, ಬಾಯಿಮಾತಿಗೆ ಬಡತನ ಇರಲಿಲ್ಲ. ನನ್ನನ್ನು ಕಂಡಾಗಲೆಲ್ಲ, "ಏನ್ರೀ ವರುಣದೇವ್ರ ಗುಮಾಸ್ತ್ರು, ಇವತ್ತಿನ ಲೆಕ್ಕ ಸರಿಯಾಗಿದೆಯೇನ್ರೀ?" ಎಂದು ಕೆಣಕುತ್ತಿದ್ದರು.

ಕೆಲಸ ನನಗೆ ಇಷ್ಟವಾಗಿತ್ತು ಎನ್ನುವುದೇ ತೊಂದರೆ. ಬಿದ್ದ ಮಳೆಯಲ್ಲಿ ಎಷ್ಟು ಹೊಳೆಗೆ ಹೋಗುತ್ತದೆ, ಎಷ್ಟು ನೆಲಕ್ಕೆ ಇಳಿಯುತ್ತದೆ, ನೆರೆ ಬರುವುದನ್ನು ಮೊದಲೇ ಹೇಳಲು ಸಾಧ್ಯವೇ ಎನ್ನುವುದೆಲ್ಲ ತಲೆಗೆ ಹತ್ತಿಬಿಟ್ಟಿತ್ತು. ಅದನ್ನು ಸರಿಯಾಗಿ ಕಲಿಯಬೇಕಾದರೆ ಎಂ.ಇ. ಮಾಡಬೇಕಿತ್ತು. ನಮ್ಮ ಅಪ್ಪಯ್ಯ ತೀರ್ಥಹಳ್ಳಿ ಪೇಟೆಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರು, ನಿವೃತ್ತಿಗೆ ಹತ್ತಿರವಾಗಿದ್ದರು. ಮನೆಯಲ್ಲಿ ಅಮ್ಮ, ಮದುವೆಗೆ ಬಂದ ತಂಗಿ ಸರೋಜ. ನನ್ನ ಸಂಬಳ ನಿಂತರೆ ಮನೆ ನಿಲ್ಲುತ್ತಿತ್ತು. ಹಾಗಾಗಿ ಸೀಟು ಸಿಕ್ಕರೆ ಸಾಲದು, ಓದುತ್ತಲೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ತಿಂಗಳು ತಿಂಗಳು ಹಣ ಪಡೆಯುವ ಅಸಿಸ್ಟೆಂಟ್‌ಶಿಪ್ ಬೇಕು. ಆಗ ಮಾತ್ರ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಇದರಲ್ಲಿ ನಡುವಿನ ದಾರಿ ಇರಲಿಲ್ಲ.

ಕಂಡಕಂಡವರಿಗೆ ಬರೆದೆ. ಸಾಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹುಡುಗಿಯರಿಗೆ ನನ್ನ ವಿದ್ಯಾರ್ಹತೆ ಬಾಯಿಪಾಠವಾಗಿಹೋಗಿತ್ತು. ಉತ್ತರಗಳೆಲ್ಲ ಒಂದೇ ಅಚ್ಚು: ಸೀಟು ಕೊಡಬಹುದು, ಧನಸಹಾಯ ಇಲ್ಲ. ಯಾರೋ ಹೇಳಿದರೆಂದು ಸಾಗರದ ಒಬ್ಬ ಅಡಿಕೆ ಮಂಡಿ ಸಾಹುಕಾರರ ಮನೆಗೂ ಹೋದೆ. ಓದುವ ಹುಡುಗರಿಗೆ ಕೈಯೆತ್ತಿ ಕೊಡುವವರು ಎಂದು ಅವರಿಗೆ ಹೆಸರಿತ್ತು. ಎಂಜಿನಿಯರು ಎಂದು ಕೇಳಿದ್ದೇ ಸಾಹುಕಾರರು ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ಬಿರುಕು ಬಿಟ್ಟ ಗೋಡೆ ತೋರಿಸಿದರು, ಬಾವಿಯ ಕಟ್ಟೆ ತೋರಿಸಿದರು, ಸೋರುವ ಬಚ್ಚಲು ತೋರಿಸಿದರು. ಎಲ್ಲದಕ್ಕೂ ಸಲಹೆ ಕೊಟ್ಟೆ. ಬೋಂಡ, ಕಾಫಿ ಆಯಿತು. ಹೊರಡುವಾಗ, "ಒಳ್ಳೇ ವಿದ್ಯೆ ನಿಮ್ದು. ದೇವ್ರು ಒಳ್ಳೇದು ಮಾಡ್ತಾನೆ" ಎಂದು ಹರಸಿ ಕಳಿಸಿದರು. ಅಷ್ಟು ಚೆನ್ನಾಗಿ ಬರಿಗೈಯಲ್ಲಿ ಕಳಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಕೊನೆಗೆ ಆಸೆ ಹುಟ್ಟಿಸಿದ್ದು ಉತ್ತರ ಭಾರತದ ಒಂದು ಸಂಸ್ಥೆಯ ಪ್ರೊಫೆಸರು. ಅವರಿಗೆ ನಮ್ಮ ಘಟ್ಟದ ಮಳೆಯ ಬಗ್ಗೆ ಕುತೂಹಲ. ಹಿಂದಿನ ವರ್ಷದ ದಿನವಹಿ ಅಂಕಿಗಳನ್ನು ಕಳಿಸಿದರೆ ನೋಡುತ್ತೇನೆ ಎಂದು ಬರೆದರು. ನಂಜುಂಡಯ್ಯನವರ ಒಪ್ಪಿಗೆ ಪಡೆದು ಎಲ್ಲ ಕೇಂದ್ರಗಳದ್ದೂ ಬರೆದು ಕಳಿಸಿದೆ. ಜೂನ್ ತಿಂಗಳಲ್ಲಿ ಬಂದ ಉತ್ತರ ಓದಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೇಗರವಳ್ಳಿಯ ಹತ್ತಿರದ ಒಂದು ಕೇಂದ್ರ ಅವರ ಕಣ್ಣಿಗೆ ಬಿದ್ದಿತ್ತು. ಸುತ್ತಲಿನ ಕೇಂದ್ರಗಳಲ್ಲಿ ಆಕಾಶವೇ ಹರಿದು ಬಿದ್ದ ದಿನಗಳಲ್ಲಿ ಅಲ್ಲಿ ಮಾತ್ರ ಮಳೆ ಥಟ್ಟನೆ ಇಳಿದುಹೋಗಿತ್ತು. ಸಾಧಾರಣ ಮಳೆಯ ದಿನಗಳಲ್ಲಿ ಎಲ್ಲರ ಜೊತೆಗೇ ಇತ್ತು. ಇದು ಬಹಳ ವಿಶೇಷ, ಗುಡ್ಡದ ಮರೆಯಲ್ಲಿ ಇಂಥ ಒಂದು ತಾಣ ಇದೆಯೆಂದರೆ ಅದನ್ನೇ ವಿಷಯವಾಗಿ ಇಟ್ಟುಕೊಳ್ಳಬಹುದು, ದಸರೆಯ ಹೊತ್ತಿಗೆ ಬಂದು ಸೇರಿದರೆ ಅಸಿಸ್ಟೆಂಟ್‌ಶಿಪ್ ನಿಮಗೇ ಎಂದು ಬರೆದಿದ್ದರು. ಜಾಗದ ಒಂದೆರಡು ಫೋಟೋ ಕಳಿಸಿ ಎಂದೂ ಕೇಳಿದ್ದರು.

ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಮೇಗರವಳ್ಳಿಯ ಮಳೆ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಆದರೂ ಆ ಗುಡ್ಡದ ಮರೆ ನನಗೂ ನಿಜವಾಗಿಯೇ ಕಾಣತೊಡಗಿತು. ಬೇಕಾದದ್ದನ್ನು ನಂಬುವುದಕ್ಕೆ ಬುದ್ಧಿ ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ನೋಡಿ. ಅಪ್ಪಯ್ಯ ಶಾಲೆಯ ಮಾಸ್ತರರಿಗೆಲ್ಲ ಪೇಡ ಹಂಚಿದರು. ಸರೋಜಳನ್ನು ನೋಡಿ ಹೋಗಿದ್ದ ಶೃಂಗೇರಿ ಕಡೆಯವರಿಗೆ, "ಮಗನಿಗೆ ಎಂ.ಇ.ಗೆ ಸರ್ಕಾರವೇ ಹಣ ಕೊಟ್ಟು ಕರೀತಿದೆ" ಎಂದು ಕಾಗದ ಬರೆದರು. ಕರೆದದ್ದು ಸರ್ಕಾರ ಅಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ.

ಜುಲೈನಲ್ಲಿ, ಮಳೆ ಹಗಲು ರಾತ್ರಿ ಎನ್ನದೆ ಹುಯ್ಯುತ್ತಿದ್ದಾಗ, ಸ್ನೇಹಿತನೊಬ್ಬನ ಕ್ಯಾಮರಾವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಮೇಗರವಳ್ಳಿಯಲ್ಲಿ ಬಸ್ಸಿಳಿದೆ. ಅಲ್ಲಿಂದ ಗದ್ದೆಯ ಅಂಚಿನಲ್ಲಿ ನಡೆದರೆ ಶೇಷೇಗೌಡರ ಮನೆ. ಹಿಂದೆ ನಾನು ಅಲ್ಲಿಗೆ ಹೋಗಿದ್ದುದೆಲ್ಲ ಮಳೆ ಬಿಟ್ಟ ದಿನಗಳಲ್ಲೇ. ಗೌಡರು ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು, ನಾಲ್ಕನೇ ಕ್ಲಾಸಿನವರೆಗೆ ಓದಿದ್ದರಿಂದ ಮಳೆ ಅಳೆಯುವ ಕೆಲಸ ಅವರಿಗೆ ಬಂದಿತ್ತು. ಕೊಡೆ ಉಲ್ಟಾ ಹೊಡೆದು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಿತ್ತು ಕಿತ್ತು ಎಸೆಯುತ್ತ ಅಂಗಳಕ್ಕೆ ಬಂದೆ. ಬಂದವನು ಹಾಗೇ ನಿಂತುಬಿಟ್ಟೆ.

ಅಂಗಳದ ಮೂಲೆಯಲ್ಲಿ, ಸಣ್ಣ ಬೇಲಿಯ ಒಳಗೆ, ನನ್ನ ಮಳೆ ಡಬ್ಬಿ ಗೊರಬು ಹೊದ್ದುಕೊಂಡು ಬೆಚ್ಚಗೆ ಕುಳಿತಿತ್ತು. ಗಾಳಿಗೆ ಹಾರದಿರಲೆಂದು ಎರಡೂ ಕಡೆ ಬಳ್ಳಿಯಿಂದ ಬಿಗಿದು ಕಟ್ಟಿದ್ದರು. ಮಳೆ ಗೊರಬಿನ ಬೆನ್ನ ಮೇಲೆ ಬಿದ್ದು ಧಾರೆಯಾಗಿ ಆಚೆ ಈಚೆ ಹರಿದುಹೋಗುತ್ತಿತ್ತು.

ಗೌಡರ ಹೆಂಡತಿ ಪುಟ್ಟಮ್ಮ ಜಗುಲಿಗೆ ಬಂದು, "ಓ, ಎಂಜಿನೀರು ಬಂದ್ರಾ! ಎಂತ ಮಾರಾಯ್ರೆ, ಈ ಮಳೇಲಿ ಬರೋದಾ? ಬನ್ನಿ ಬನ್ನಿ, ಬಿಸಿನೀರು ಕೊಡ್ತೀನಿ ಕಾಲಿಗೆ" ಎಂದರು.

ನಾನು ಡಬ್ಬಿಯ ಕಡೆ ಕೈ ತೋರಿಸಿದೆ.

"ಅದಾ? ನಂದೇ ಗೊರಬು. ಹಳೇದಾದ್ರೂ ಒಂದ್ ಹನಿ ಸೋರೋದಿಲ್ಲ" ಎಂದರು ಪುಟ್ಟಮ್ಮ ಹೆಮ್ಮೆಯಿಂದ.

"ಅದಕ್ಕೆ ಯಾಕಮ್ಮ ಗೊರಬು?"

"ಯಾಕೆ ಅಂದ್ರೆ? ನಿಮ್ಗಿಂತ ಮುಂಚೆ ಒಬ್ರು ಬರ್ತಿದ್ರಲ್ಲ, ದಪ್ಪ ಮೀಸೆಯವ್ರು. ಒಂದ್ಸಲ ಡಬ್ಬಿ ತುಂಬಿ ಹೊರಗೆ ಚೆಲ್ಲಿತ್ತು ಅಂತ ಇವ್ರಿಗೆ ಏನು ಬೈಗುಳ ಅಂತೀರಿ! ಒಂದ್ ತೊಟ್ಟು ಹೊರಗೆ ಚೆಲ್ಲಿದ್ರೂ ಲೆಕ್ಕ ಕೆಟ್ಟುಹೋಗ್ತದೆ, ಚೆಲ್ಲೋಕೆ ಬಿಡ್ಬಾರ್ದು ಅಂದ್ರು. ಅವತ್ತಿಂದ ನಾನು ತುಂಬೋಕೇ ಬಿಟ್ಟಿಲ್ಲ. ಮಳೆ ಜೋರು ಹಿಡೀತು ಅಂದ್ರೆ ಗೊರಬು ಹಾಕ್ತೀನಿ, ಹದಕ್ಕೆ ಬಂತು ಅಂದ್ರೆ ತೆಗೀತೀನಿ. ಒಂದ್ ತೊಟ್ಟು ಚೆಲ್ಲಿದ್ರೆ ಕೇಳಿ."

ಅಷ್ಟರಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಿಂದ ಗೌಡರು ಬಂದರು. ನನ್ನ ಮುಖ ನೋಡಿ ಅವರಿಗೆ ಏನೋ ಅನುಮಾನ ಬಂತು. "ನಾನು ಅಳೆಯೋದು, ಇವ್ಳು ಕಾಯೋದು, ಸಾರ್. ಡಬ್ಬಿ ಒಳಗೆ ಎಷ್ಟಿತ್ತೋ ಅಷ್ಟೇ ಬರೆದಿದೀನಿ. ಒಂದು ಅಂಕಿ ಸುಳ್ಳಿಲ್ಲ" ಎಂದರು. ಅದು ನಿಜವಾಗಿತ್ತು. ಗಂಡ ಹೆಂಡತಿ ಇಬ್ಬರೂ ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ?

ಜಗುಲಿಯಲ್ಲಿ ಕುಳಿತು, ಬೆಲ್ಲದ ಕಾಫಿ ಕುಡಿಯುತ್ತ ನಿಧಾನವಾಗಿ ತಿಳಿಸಿ ಹೇಳಿದೆ. ಡಬ್ಬಿ ತುಂಬುವ ಮೊದಲು ನೀರನ್ನು ಅಳೆದು ಚೆಲ್ಲಿ ಮತ್ತೆ ಇಡಬೇಕು, ಎರಡನ್ನೂ ಕೂಡಿಸಬೇಕು, ಮುಚ್ಚಬಾರದು. ಮುಚ್ಚಿದರೆ ಇಲ್ಲಿ ಮಳೆಯೇ ಬಂದಿಲ್ಲ ಎಂದಾಗುತ್ತದೆ. ಪುಟ್ಟಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು.

"ಹಂಗಾರೆ ಈಗ ಸರ್ಕಾರದ ಪುಸ್ತಕದಲ್ಲಿ ನಮ್ಮೂರಿಗೆ ಮಳೆ ಕಮ್ಮಿ ಅಂತ ಆಗ್ಯದಾ?"

"ಹೂಂ."

"ಆಗುಂಬೆಯವ್ರಿಗಿಂತ ಕಮ್ಮೀನಾ?"

"ಆಗುಂಬೆ ಬಿಡಿ, ತೀರ್ಥಹಳ್ಳಿ ಪೇಟೆಗಿಂತಲೂ ಕಮ್ಮಿ."

"ಅಯ್ಯಯ್ಯೋ!" ಪುಟ್ಟಮ್ಮ ಎದ್ದೇ ನಿಂತರು. "ಪೇಟೆಗಿಂತ ಕಮ್ಮಿಯಾ! ಏ, ಎಂತ ನೋಡ್ತಾ ನಿಂತ್ಕಂಡ್ರಿ, ಹೋಗಿ ಮೊದ್ಲು ಅದನ್ನ ತೆಗೀರಿ ನೀವು!" ಎಂದು ಗಂಡನನ್ನು ಮಳೆಗೆ ಅಟ್ಟಿದರು. ಯಾವ ಯಾವ ದಿನ ಮುಚ್ಚಿದ್ದು ಎಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ. ಜೋರು ಬಂದಾಗೆಲ್ಲ ಎಂದರು, ಅಷ್ಟೇ. ನಗು ಬರಬೇಕಾಗಿತ್ತು, ನನಗೆ ಅಳು ಬರುವಂತಾಗಿತ್ತು. ಪ್ರೊಫೆಸರರು ಮೆಚ್ಚಿದ ಆ ಗುಡ್ಡದ ಮರೆ ಪುಟ್ಟಮ್ಮನ ಗೊರಬಿನ ಮರೆಯಾಗಿತ್ತು. ಅದನ್ನು ನಂಬಿಕೊಂಡೇ ಅವರು ನನಗೆ ಅಸಿಸ್ಟೆಂಟ್‌ಶಿಪ್ ಕೊಟ್ಟಿದ್ದರು. ಕ್ಯಾಮರಾ ಹೊರಗೆ ತೆಗೆಯದೆ ಹಿಂತಿರುಗಿದೆ.

ಆ ಸಂಜೆ ತೀರ್ಥಹಳ್ಳಿಯ ಮನೆಗೆ ಹೋದೆ. ಅಪ್ಪಯ್ಯನಿಗೆ ಎಲ್ಲ ಹೇಳಿದೆ. ನಮ್ಮ ಅಪ್ಪಯ್ಯ ಎಂಥವರೆಂದರೆ, ಪರೀಕ್ಷೆಯಲ್ಲಿ ಪಕ್ಕದವನ ಸ್ಲೇಟು ಇಣುಕಿದ್ದಕ್ಕೆ ಸ್ವಂತ ಮಗನನ್ನೇ ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿದವರು. ಶಾಲೆಯ ಸೀಮೆಸುಣ್ಣದ ಚೂರನ್ನು ಮನೆಗೆ ತರದವರು. ಅವರು, ಬರೆದು ತಿಳಿಸಿಬಿಡು ಎನ್ನುತ್ತಾರೆ, ನನ್ನ ಎದೆಯ ಭಾರ ಅಲ್ಲಿಗೆ ಇಳಿಯುತ್ತದೆ ಎಂದುಕೊಂಡಿದ್ದೆ. ಅವರು ಒಳಬಾಗಿಲ ಕಡೆ ತಿರುಗಿದರು. ಒಳಗೆ ಸರೋಜ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಈಗ್ಲೇ ಬರೀಬೇಡ" ಎಂದರು ಕೊನೆಗೆ, ನನ್ನ ಮುಖ ನೋಡದೆ. "ಹೋಗಿ ಸೇರ್ಕೋ. ಸೇರಿ ಒಂದೆರಡು ತಿಂಗಳು ಕಳೀಲಿ. ಆಮೇಲೆ ಅಲ್ಲೇ ಎದುರಿಗೆ ಕೂತು ಹೇಳಿದ್ರಾಯ್ತು. ಆಗ ಹೇಳೋದೂ ಹೇಳೋದೇ ಅಲ್ವೇನೋ?"

"ಆಗ ಹೇಳಿದ್ರೆ ಮೋಸ ಮಾಡಿದ ಹಾಗೆ ಆಗೋದಿಲ್ವಾ, ಅಪ್ಪಯ್ಯ?"

"ನೀನೇನು ಮೋಸ ಮಾಡಿದ್ದು? ಮುಚ್ಚಿದ್ದು ನೀನಾ?" ಎಂದು ಎದ್ದು, ಸಂಧ್ಯಾವಂದನೆಗೆ ಹೊತ್ತಾಯಿತು ಎಂದು ಒಳಗೆ ಹೋದರು. ಹೊತ್ತು ಆಗಲೇ ಮೀರಿಹೋಗಿತ್ತು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಮಗಳ ಮದುವೆ, ಮಗನ ಓದು ಎರಡೂ ಒಂದೇ ಹಗ್ಗದಲ್ಲಿ ತೂಗಾಡುತ್ತಿರುವಾಗ ಆ ಮಾಸ್ತರರು ಮೊದಲ ಸಲ ಸ್ವಲ್ಪ ಬಗ್ಗಿದ್ದರು.

ಮರುದಿನ ಮಂಡಗದ್ದೆಯ ಡಬ್ಬಿ ನೋಡುವ ಸರದಿ ಇತ್ತು. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳೆಲ್ಲ ನೀರಿನಲ್ಲಿ ಅರ್ಧ ಮುಳುಗಿ, ಕೊಂಬೆಕೊಂಬೆಯ ಮೇಲೂ ಬೆಳ್ಳಕ್ಕಿಗಳು ಗೂಡು ಕಟ್ಟಿ ಕಚಪಚ ಎನ್ನುತ್ತಿದ್ದವು. ಕೆಲಸ ಮುಗಿಸಿ ರಸ್ತೆ ಬದಿಯ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಚೀಲದಿಂದ ಕಾಗದ ತೆಗೆದೆ. ಏನು ಬರೆಯುವುದೆಂದು ಮೊದಲೇ ಯೋಚಿಸಿರಲಿಲ್ಲ. ಆದರೆ ಆ ಪ್ರೊಫೆಸರು ನನ್ನ ಅಂಕಿಗಳನ್ನು ಮುಂದಿಟ್ಟುಕೊಂಡು ಪಾಠ ಮಾಡುವುದು, ನಾನು ಹಿಂದಿನ ಬೆಂಚಿನಲ್ಲಿ ಕುಳಿತು ತಲೆಯಾಡಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ಅದು ನನ್ನಿಂದ ಆಗದ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಗೊರಬು ಎಂದರೇನು ಎಂದು ಆ ಊರಿನವರಿಗೆ ತಿಳಿಯುವುದು ಹೇಗೆ ಎಂದು ಕೆಳಗೆ ಅದರ ಚಿತ್ರವನ್ನೂ ಬರೆದೆ. ಪುಟ್ಟಮ್ಮನ ಹೆಸರು ಹಾಕಲಿಲ್ಲ. ಅವರ ಕೆಲಸಕ್ಕೆ ತೊಂದರೆಯಾಗಬಾರದು, ಸರಿಯಾಗಿ ಹೇಳಿಕೊಡದ ತಪ್ಪು ನಮ್ಮ ಕಡೆಯದು ಎಂದು ಒತ್ತಿ ಬರೆದೆ. ಟಪಾಲು ಡಬ್ಬಿಗೆ ಹಾಕಿದ ಮರುಕ್ಷಣವೇ, ಬೆರಳು ತೂರಿಸಿದರೆ ಕಾಗದ ಸಿಗುತ್ತದೆಯೇ ಎಂದು ನೋಡಿದ್ದೂ ನಿಜ. ಸಿಗಲಿಲ್ಲ. ಬಸ್ಸು ಹತ್ತಿ ಕುಳಿತ ಮೇಲೆ ಮಾತ್ರ, ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಪ್ಪಯ್ಯನಿಗೆ ಹೇಳಲಿಲ್ಲ. ಮಾತು ಮೀರಿದ್ದನ್ನು ಹೇಳುವ ಧೈರ್ಯ ಇರಲಿಲ್ಲ, ಅವರೂ ಕೇಳಲಿಲ್ಲ. ನಂಜುಂಡಯ್ಯನವರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ, "ಒಳ್ಳೇ ಹುಚ್ಚ್ರು ಕಣ್ರೀ ನೀವು. ಬಂದ ಲಕ್ಷ್ಮೀನ ಕಾಲಲ್ಲಿ ಒದ್ರಲ್ರೀ" ಎಂದು ಬೈದರು. ಆದರೆ ನನ್ನನ್ನು ಓದಲು ಬಿಡಲು ಇಲಾಖೆಯ ಅಭ್ಯಂತರ ಇಲ್ಲ ಎಂಬ ಪತ್ರಕ್ಕೆ ಅವತ್ತೇ ಸಹಿ ಹಾಕಿ, "ಇರ್ಲಿ, ಬೇರೆ ಯಾರಾದ್ರೂ ಹುಚ್ಚ್ರು ನಿಮ್ಮನ್ನ ಕರೀಬೌದು" ಎಂದು ಕೈಗೆ ಕೊಟ್ಟರು. ಮೇಗರವಳ್ಳಿಯ ಕಾರ್ಡುಗಳು ವಾರವಾರವೂ ಬರುತ್ತಿದ್ದವು. ಅಲ್ಲಿಯ ಮಳೆ ಏರುತ್ತ ಏರುತ್ತ ಪೇಟೆಯನ್ನು ದಾಟಿ, ಆಗುಂಬೆಯ ಬೆನ್ನು ಹತ್ತಿತ್ತು. ಒಂದು ಕಾರ್ಡಿನ ಮೂಲೆಯಲ್ಲಿ ಗೌಡರು, "ಇವಳು ಕೇಳುತ್ತಾಳೆ, ಈಗ ಸಾಕೋ" ಎಂದು ಬರೆದಿದ್ದರು.

ಪ್ರೊಫೆಸರರಿಂದ ಮಾತ್ರ ಸದ್ದಿಲ್ಲ. ಹೊಸನಗರದ ಅಂಚೆಯವನು ನನ್ನ ಕೋಣೆಯ ಮುಂದೆ ಸೈಕಲ್ ನಿಲ್ಲಿಸದೆ ಹೋದ ಪ್ರತಿ ದಿನವೂ ನಾನು ಮಾಡಿದ್ದು ತಪ್ಪೇ ಎಂದು ಅನ್ನಿಸುತ್ತಿತ್ತು. ಗೌರಿ ಹಬ್ಬದ ಹಿಂದಿನ ದಿನ ಅವನು ಸೈಕಲ್ ನಿಲ್ಲಿಸಿದ.

ಕಾಗದ ಚಿಕ್ಕದಾಗಿತ್ತು. ಇಂಗ್ಲಿಷಿನಲ್ಲಿ ಇದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಬೆವರು ಬಂತು. ಆ ವಿಚಿತ್ರ ತಾಣದ ಬಗ್ಗೆ ನಾನು ಒಂದು ಪ್ರಬಂಧವನ್ನೇ ಬರೆದು ಅಚ್ಚಿಗೆ ಕಳಿಸಿದ್ದೆ. ಓಡಿಹೋಗಿ ವಾಪಸು ತರಿಸಿಕೊಂಡೆ. ಇನ್ನು ಸ್ವಲ್ಪ ತಡವಾಗಿದ್ದರೆ ಇಡೀ ದೇಶದ ಎಂಜಿನಿಯರುಗಳ ಎದುರು ನೀವು ಚಿತ್ರ ಬರೆದ ಆ ವಸ್ತುವನ್ನು ನಾನೇ ತಲೆಗೆ ಹಾಕಿಕೊಂಡು ನಿಲ್ಲಬೇಕಾಗಿತ್ತು. ತಾಣವೇ ಇಲ್ಲದ ಮೇಲೆ ಅದರ ಅಸಿಸ್ಟೆಂಟ್‌ಶಿಪ್ಪೂ ಇಲ್ಲ. ಆದರೆ ಕಾಲುವೆಗಳ ಪ್ರಯೋಗಶಾಲೆಯಲ್ಲಿ ಒಂದು ಜಾಗ ಖಾಲಿ ಇದೆ, ಹಣವೂ ಮೊದಲು ಹೇಳಿದಷ್ಟೇ. ಅಲ್ಲಿ ನೀರು ಛಾವಣಿಯ ಕೆಳಗೆ ಹರಿಯುತ್ತದೆ, ಯಾರೂ ಮುಚ್ಚುವುದಿಲ್ಲ. ಹೇಳಿದ ದಿನಕ್ಕೇ ಬನ್ನಿ.

ನಾನು ಕೋಣೆಯ ಹೊಸಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅಂಚೆಯವನು ಕೆಟ್ಟ ಸುದ್ದಿಯೆಂದು ತಿಳಿದು, "ಎಂತ ಆಯ್ತು ಸಾರ್? ಯಾರು ಹೋದ್ರು?" ಎಂದು ಪಕ್ಕದಲ್ಲೇ ಕುಳಿತ. "ನಾನೇ ಹೋಗೋದು ಮಾರಾಯ, ಓದೋಕೆ" ಎಂದಾಗ ಅವನಿಗೂ ಅರ್ಥವಾಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ಅಪ್ಪಯ್ಯ ಶಾಲೆಯಿಂದ ಆಗಷ್ಟೇ ಬಂದು ಕೋಟು ಬಿಚ್ಚುತ್ತಿದ್ದರು. ಸೊರಗಿದ ಹಾಗೆ ಕಂಡರು. ಸರಿಯಾಗಿ ಊಟ ಮಾಡದೆ ಎಷ್ಟೋ ದಿನವಾಯಿತು ಎಂದು ಅಮ್ಮ ಬಾಗಿಲಲ್ಲೇ ಪಿಸುಗುಟ್ಟಿದ್ದಳು. ನಾನು ಕಾಗದವನ್ನು ಕೈಗಿಟ್ಟೆ. ಅವರು ಕನ್ನಡಕ ಏರಿಸಿ ನಿಂತಲ್ಲೇ ಓದಿದರು. ಕುಳಿತು ಮತ್ತೊಮ್ಮೆ ಓದಿದರು.

"ಬರೆದುಬಿಟ್ಟಿದ್ಯಾ ಹಾಗಾದ್ರೆ?"

"ಮಾರನೇ ದಿನವೇ, ಅಪ್ಪಯ್ಯ. ಮಂಡಗದ್ದೆಯಿಂದ."

"ನಾನು ಬೇಡ ಅಂದಿದ್ದೆ."

"ಹೌದು."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರ ಕೈ ಬಂದು ನನ್ನ ಹೆಗಲ ಮೇಲೆ ಕುಳಿತಿತು.

"ನನ್ನ ಮಾತು ಕೇಳ್ಲಿಲ್ವಲ್ಲ, ನಾನು ಬದುಕಿಕೊಂಡೆ ಕಣೋ" ಎಂದರು ಅಪ್ಪಯ್ಯ. "ಅವತ್ತಿಂದ ಕ್ಲಾಸಿನಲ್ಲಿ ಯಾವ ಹುಡುಗ ಪಕ್ಕದವನದ್ದು ನೋಡಿ ಬರೆದ್ರೂ ನಂಗೆ ಗದರೋಕೆ ಬಾಯೇ ಬರ್ತಿರ್ಲಿಲ್ಲ. ಕಿಟಕಿ ಕಡೆ ತಿರುಗಿ ನಿಂತುಬಿಡ್ತಿದ್ದೆ." ಆಮೇಲೆ ಒಳಗೆ ತಿರುಗಿ, ಎಷ್ಟೋ ದಿನದ ಮೇಲೆ ದೊಡ್ಡ ದನಿಯಲ್ಲಿ ಕೂಗಿದರು, "ಏ ಸರೋಜ, ನನಗೂ ಎಲೆ ಹಾಕು. ಹಸಿವಾಗ್ತಿದೆ."